ಸೌಲನ ಕವಚ ದಾವೀದನಿಗೇಕೆ?

ನಮ್ಮ ಅತ್ತೆಯವರಿಗೆ 74 ವರ್ಷ. ಭಾನುವಾರದ ಬಲಿಪೂಜೆ ತಪ್ಪಿಸಿದವರೇ ಅಲ್ಲ. ಮಳೆಗಾಲದಲ್ಲಿ ತೋಡು ತುಂಬಿ ಸಂಕ ಮುಳುಗಿದ ದಿನವೂ ಸುತ್ತು ಬಳಸಿ ಇಗರ್ಜಿಗೆ ಹೋದವರು. ಅಂಥವರು ಒಂದು ತಪಸ್ಸುಕಾಲದಲ್ಲಿ ಮೆಲ್ಲನೆ ಹಿಂದೆ ಸರಿಯತೊಡಗಿದರು. ಒಂದು ಭಾನುವಾರ ಕಾಲು ನೋವು, ಮತ್ತೊಂದು ಭಾನುವಾರ ತಲೆಸುತ್ತು. ಪ್ರಾಯವಾಯಿತಲ್ಲ ಎಂದು ನಾವೂ ಸುಮ್ಮನಾದೆವು. ಆದರೆ ಮೊಮ್ಮಗಳ ಪ್ರಥಮ ಪರಮಪ್ರಸಾದದ ದಿನ ಗೊತ್ತಾದ ಮೇಲೂ ಅವರು, "ನೀವೆಲ್ಲ ಹೋಗಿ ಬನ್ನಿ ಮಗಾ, ನಾನು ಮನೆಯಲ್ಲೇ ಕೂತು ಜಪಸರ ಮಾಡ್ತೇನೆ" ಎಂದಾಗ ನನಗೆ ಸಂಶಯ ಬಂತು.

ಆ ರಾತ್ರಿ ಅವರ ಸೀರೆಗೆ ಇಸ್ತ್ರಿ ಹಾಕುತ್ತಾ ಮೆಲ್ಲನೆ ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು: "ಕಾಲು ನೋವು ಎಂತದ್ದೂ ಇಲ್ಲ. ಈ ರವಿಕೆ ಹಾಕಿದ್ರೆ ಹಿಂದಿನಿಂದ ಮೇಲೆ ಹೋಗ್ತದೆ. ಮೊಣಕಾಲೂರಿದಾಗ ಹಿಂದೆ ಕೂತವರಿಗೆ ಬೆನ್ನು ಕಾಣ್ತದೆ. ಮುಂದೆ ನೋಡಿದರೆ ಕೊರಳಿನ ಹತ್ತಿರ ಬಾಯಿ ಬಿಡ್ತದೆ. ಎರಡು ಸಲ ಟೈಲರನ ಹತ್ತಿರ ಸರಿ ಮಾಡಿಸಿದೆ. ರವಿಕೆ ಸರಿಯೇ ಉಂಟು, ನಿಮ್ಮ ಬೆನ್ನು ಬಾಗಿದೆ ಅಮ್ಮಾ ಅಂದ. ಬೆನ್ನನ್ನು ನಾನು ಎಂತ ಮಾಡ್ಲಿ?"

ಒಂದು ರವಿಕೆಯ ಕಾರಣಕ್ಕೆ ಒಬ್ಬ ಹಿರಿಯ ತಾಯಿ ದೇವರ ಪೀಠದಿಂದ ದೂರ ಉಳಿದಿದ್ದರು. ಅದೇ ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು, ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುವ ನನಗೆ ಅದು ಗೊತ್ತಿರಲಿಲ್ಲ. ಮನಸ್ಸಿಗೆ ಬಹಳ ನೋವಾಯಿತು.

ಆಗ ನೆನಪಾದದ್ದು ಸಮುವೇಲನ ಮೊದಲನೆಯ ಗ್ರಂಥದ 17ನೇ ಅಧ್ಯಾಯ. ಗೊಲ್ಯಾತನ ಎದುರು ಹೊರಟ ದಾವೀದನಿಗೆ ಸೌಲ ರಾಜನು ತನ್ನದೇ ಯುದ್ಧವಸ್ತ್ರ, ಕವಚ, ತಾಮ್ರದ ಶಿರಸ್ತ್ರಾಣಗಳನ್ನು ತೊಡಿಸುತ್ತಾನೆ. ಸೌಲನಾದರೋ ಇಸ್ರಯೇಲರಲ್ಲೇ ಎಲ್ಲರಿಗಿಂತ ಎತ್ತರದ ಆಳು. ದಾವೀದ ಎಳೆಯ ಹುಡುಗ. ನಾಲ್ಕು ಹೆಜ್ಜೆ ನಡೆಯಲು ನೋಡಿದ, ಆಗಲಿಲ್ಲ. ರಾಜನ ಕವಚವೆಂದು ಹಿಂಜರಿಯದೆ ಕಳಚಿಟ್ಟು, ತನಗೆ ರೂಢಿಯಾಗಿದ್ದ ಕೋಲು, ಕವಣೆ, ಐದು ನುಣುಪು ಕಲ್ಲುಗಳನ್ನು ಹಿಡಿದು ಹೊರಟ. ಕವಚಕ್ಕೆ ತಕ್ಕಂತೆ ದಾವೀದ ಬೆಳೆಯಬೇಕಿತ್ತೆಂದು ದೇವರು ಹೇಳಲಿಲ್ಲ. ನಾವು ಮಾತ್ರ ದಿನಾ ಕನ್ನಡಿಯ ಮುಂದೆ ನಿಂತು ಅದನ್ನೇ ಹೇಳಿಕೊಳ್ಳುತ್ತೇವೆ: ನನ್ನ ತೋಳು ದಪ್ಪ, ನನ್ನ ಭುಜ ಜಾರು, ನನ್ನ ಬೆನ್ನು ಗೂನು. ಬಟ್ಟೆಯನ್ನು ಯಾರೂ ದೂರುವುದಿಲ್ಲ.

ಪ್ರಿಯ ಸಹೋದರಿಯರೇ, ಹೊಲಿಗೆ ಬಲ್ಲವರಿಗೂ ಈಗಷ್ಟೇ ಕಲಿಯುವವರಿಗೂ ಉಪಯೋಗವಾಗಲೆಂದು, ಅತ್ತೆಯವರ ರವಿಕೆಯನ್ನು ಸರಿಪಡಿಸುವಾಗ ಕಲಿತದ್ದನ್ನೂ ಮೊದಲೇ ತಿಳಿದಿದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತೇನೆ.

ಅಳತೆ ಸರಿಯಿದ್ದರೂ ರವಿಕೆ ಏಕೆ ಕೂರುವುದಿಲ್ಲ?

ಕಾಗದದ ಪ್ಯಾಟರ್ನ್ ಹಳೆಯ ಸಂಗತಿಯಾದರೂ, ಬೇರೆ ಬೇರೆ ಸೈಜುಗಳಲ್ಲಿ ಅದು ಮನೆಮನೆಗೆ ಬಂದದ್ದು 1863ರ ನಂತರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೆಜರ್ ಬಟರಿಕ್ ಆ ವರ್ಷ ಸೈಜುವಾರು ಕಾಗದದ ಪ್ಯಾಟರ್ನ್‌ಗಳ ಮಾರಾಟ ಆರಂಭಿಸಿದರು. ಅದಕ್ಕೆ ಮುಂಚೆ ಪ್ಯಾಟರ್ನ್ ಒಂದೇ ಅಳತೆಯಲ್ಲಿ ಸಿಗುತ್ತಿತ್ತು. ಹಿಗ್ಗಿಸುವುದೂ ಕುಗ್ಗಿಸುವುದೂ ಮನೆಯವರ ಕೆಲಸ. ಸೈಜು ಬಂದದ್ದರಿಂದ ಬಹಳ ಅನುಕೂಲವಾಯಿತು. ಆದರೆ ಸೈಜು ಎಂದರೆ ಸರಾಸರಿ. ಸರಾಸರಿಗೆ ಸರಿಯಾಗಿ ಹೊಂದುವ ಮೈ ಅಪರೂಪ.

ನಮ್ಮ ದೇಶದ ಮಟ್ಟಿಗೆ ಆ ಸರಾಸರಿಯೂ ನಮ್ಮದಲ್ಲ. ಸಿದ್ಧ ಉಡುಪುಗಳ ಸೈಜುಗಳು ಬಹಳ ಕಾಲ ಅಮೆರಿಕ, ಬ್ರಿಟನ್ ದೇಶಗಳ ಅಳತೆಗಳನ್ನೇ ಅವಲಂಬಿಸಿದ್ದವು. ಈ ಕೊರತೆ ನೀಗಲೆಂದೇ, 25 ಸಾವಿರ ಭಾರತೀಯರ ಮೈ ಅಳತೆಯನ್ನು ಸ್ಕ್ಯಾನರ್ ಯಂತ್ರದಿಂದ ತೆಗೆಯುವ ಯೋಜನೆಯನ್ನು ನಿಫ್ಟ್ ಸಂಸ್ಥೆಯ ಮೂಲಕ ನಡೆಸುವುದಾಗಿ 2018ರಲ್ಲಿ ಪ್ರಕಟಿಸಲಾಯಿತು.

ನಮ್ಮ ಊರಿನ ಪದ್ಧತಿಯನ್ನು ನೋಡಿ. ಎದೆಯ ಸುತ್ತಳತೆ ಒಂದನ್ನು ತೆಗೆದು, ಅದರ ನಾಲ್ಕನೆಯ ಒಂದು ಪಾಲು ಅಗಲಕ್ಕೆ, ಇಂತಿಷ್ಟು ಪಾಲು ಕಂಕುಳಿಗೆ, ಇಂತಿಷ್ಟು ಕೊರಳಿಗೆ ಎಂದು ಲೆಕ್ಕ ಹಾಕಿ ಕತ್ತರಿಸುವುದು ವಾಡಿಕೆ. ಈಗ ಇಬ್ಬರು ಹೆಂಗಸರನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ ಎದೆ ಸುತ್ತು 36 ಇಂಚು. ಒಬ್ಬಳು ತೋಟದಲ್ಲಿ ದುಡಿದು ಅಗಲ ಬೆನ್ನಿನವಳು. ಇನ್ನೊಬ್ಬಳದು ಕಿರಿದಾದ ಬೆನ್ನು, ಮುಂಭಾಗ ತುಂಬಿದ ಮೈ. ಟೇಪು ಇಬ್ಬರಿಗೂ 36 ಎನ್ನುತ್ತದೆ, ಆದರೆ ಒಂದೇ ರವಿಕೆ ಇಬ್ಬರಿಗೂ ಕೂರುವುದಿಲ್ಲ. ಒಬ್ಬಳಿಗೆ ಬೆನ್ನು ಬಿಗಿ, ಇನ್ನೊಬ್ಬಳಿಗೆ ಹುಕ್ಕು ಬಿಗಿ. ಸೈಡಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದರೆ ಬೇಡವಾದ ಕಡೆಯೂ ಸಡಿಲವಾಗುತ್ತದೆ, ಅಷ್ಟೇ. ಎಲ್ಲಿ ಬೇಕೋ ಅಲ್ಲಿಯೇ ಕಾಗದವನ್ನು ಕತ್ತರಿಸಿ ತೆರೆಯಬೇಕು. ಇದಿಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಳತೆ

ಅಳತೆಯನ್ನು ನೀವೇ ತೆಗೆದುಕೊಳ್ಳಬೇಡಿ. ಟೇಪು ನೋಡಲು ಬಗ್ಗಿದರೆ ಅಳತೆ ಬದಲಾಗುತ್ತದೆ. ಮಗಳನ್ನೋ ಸೊಸೆಯನ್ನೋ ಅತ್ತಿಗೆಯನ್ನೋ ಕರೆಯಿರಿ. ರವಿಕೆಯ ಒಳಗೆ ದಿನವೂ ಹಾಕುವ ಒಳ ಉಡುಪನ್ನೇ ಹಾಕಿಕೊಂಡು, ಉಸಿರು ಬಿಗಿಹಿಡಿಯದೆ, ಸಹಜವಾಗಿ ನಿಲ್ಲಿ. ಬಾಗಿದ ಬೆನ್ನಿನವರನ್ನು ನೆಟ್ಟಗೆ ನಿಲ್ಲಿಸಿ ಅಳೆಯುವುದು ದೊಡ್ಡ ತಪ್ಪು. ಅವರು ಇಗರ್ಜಿಯಲ್ಲಿ ಹೇಗೆ ನಿಲ್ಲುತ್ತಾರೋ ಹಾಗೆಯೇ ಅಳೆಯಬೇಕು.

ಬರೆದುಕೊಳ್ಳಬೇಕಾದವು ಇವು: ಎದೆಯ ಮೇಲ್ಭಾಗದಲ್ಲಿ ಕಂಕುಳ ಕೆಳಗಿನಿಂದ ಹಾಯುವ ಸುತ್ತು; ಎದೆಯ ತುಂಬಿದ ಭಾಗದ ಸುತ್ತು; ರವಿಕೆ ಮುಗಿಯುವಲ್ಲಿನ ಸುತ್ತು; ಹಿಂದೆ ಒಂದು ಭುಜದ ತುದಿಯಿಂದ ಇನ್ನೊಂದು ಭುಜದ ತುದಿಗೆ; ಬೆನ್ನಿನ ಅಗಲ; ಕುತ್ತಿಗೆಯ ಹಿಂದೆ ಕೈಗೆ ಸಿಗುವ ಎಲುಬಿನಿಂದ ರವಿಕೆಯ ಕೆಳಅಂಚಿಗೆ; ಮುಂದೆ ಕೊರಳ ಪಕ್ಕದ ಭುಜದಿಂದ ಎದೆಯ ತುದಿಗೆ ಮತ್ತು ಅಲ್ಲಿಂದ ಕೆಳಅಂಚಿಗೆ; ಎರಡು ಎದೆ ತುದಿಗಳ ನಡುವಿನ ಅಂತರ; ತೋಳಿನ ದಪ್ಪ ಭಾಗದ ಸುತ್ತು.

ಇವನ್ನು ಪ್ಯಾಟರ್ನ್ ಜೊತೆ ಹೋಲಿಸಿ ನೋಡಿ. ಹೊಲಿಗೆಗೆ ಬಿಟ್ಟ ಅಂಚನ್ನೂ ಟಕ್ಕುಗಳೊಳಗೆ ಹೋಗುವ ಅಗಲವನ್ನೂ ಲೆಕ್ಕಕ್ಕೆ ಹಿಡಿಯಬಾರದು. ಮೈಗಂಟಿದ ರವಿಕೆಗೂ ಎದೆಯ ಸುತ್ತಿಗಿಂತ ಒಟ್ಟು 1ರಿಂದ 2 ಇಂಚು ಸಡಿಲ ಬೇಕೆಂಬುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಉಸಿರಾಡುವುದೇ ಕಷ್ಟ.

ಹಳೆಯ ಬೆಡ್‌ಶೀಟಿನ ಪರೀಕ್ಷೆ

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೆಯ ಹತ್ತಿ ಬೆಡ್‌ಶೀಟಿನಲ್ಲೋ ಪಂಚೆಯಲ್ಲೋ ಒಂದು ಮಾದರಿ ರವಿಕೆ ಹೊಲಿಯಿರಿ. ಟೀಶರ್ಟಿನಂತೆ ಎಳೆದರೆ ಹಿಗ್ಗುವ ಬಟ್ಟೆ ಇದಕ್ಕೆ ಬೇಡ. ಸೈಡಿನಲ್ಲಿ ಒಂದು ಇಂಚು ಅಂಚು ಬಿಟ್ಟು, ಯಂತ್ರದಲ್ಲಿ ಅತಿ ಉದ್ದದ ಹೊಲಿಗೆ ಇಟ್ಟು ಹೊಲಿದರೆ ಬಿಚ್ಚುವುದು ಸುಲಭ. ಹುಕ್ಕು ಬೇಡ, ಪಿನ್ನು ಸಾಕು. ತೊಟ್ಟ ಮೇಲೆ ಬರೀ ಕನ್ನಡಿ ನೋಡಿದರೆ ಸಾಲದು. ಕುಳಿತು ನೋಡಿ, ಮೊಣಕಾಲೂರಿ ನೋಡಿ, ಶಿಲುಬೆಯ ಗುರುತು ಮಾಡಿ, ಅಟ್ಟದ ಮೇಲಿನ ಡಬ್ಬ ತೆಗೆಯುವಂತೆ ಕೈ ಎತ್ತಿ ನೋಡಿ.

ಸುಕ್ಕುಗಳೇ ತಪ್ಪು ಎಲ್ಲಿದೆಯೆಂದು ಹೇಳುತ್ತವೆ. ಬಿಗಿಯಾಗಿ ಎಳೆದ ಗೆರೆ ಬಟ್ಟೆ ಸಾಲದ ಜಾಗವನ್ನು ತೋರಿಸುತ್ತದೆ. ಸಡಿಲವಾಗಿ ಜೋತುಬಿದ್ದ ಮಡಿಕೆ ಬಟ್ಟೆ ಹೆಚ್ಚಾದ ಜಾಗವನ್ನು. ಹುಕ್ಕುಗಳ ನಡುವೆ ಅಡ್ಡ ಗೆರೆ ಎದ್ದರೆ ಎದೆಯ ಭಾಗದಲ್ಲಿ ಅಗಲ ಸಾಲದು. ಕೊರಳ ಬದಿಯಿಂದ ಕಂಕುಳಿನ ಕಡೆಗೆ ಓರೆ ಮಡಿಕೆ ಬಿದ್ದರೆ ಭುಜ ಪ್ಯಾಟರ್ನಿಗಿಂತ ಹೆಚ್ಚು ಇಳಿಜಾರು. ಹಿಂದಿನ ಅಂಚು ಮೇಲೇರಿದರೆ ಬೆನ್ನಿನ ಉದ್ದ ಸಾಲದು. ಮುಂದಿನ ಕೊರಳು ಬಾಯಿ ಬಿಟ್ಟರೆ ಎದೆಯ ಮೇಲ್ಭಾಗದಲ್ಲಿ ಉದ್ದ ಹೆಚ್ಚಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ಕೈ ಎತ್ತಿದಾಗ ಇಡೀ ರವಿಕೆ ಮೇಲೆ ಬಂದರೆ, ಕಂಕುಳು ಬಿಗಿಯೆಂದು ಅದನ್ನು ಇನ್ನಷ್ಟು ಆಳವಾಗಿ ಕೊರೆಯುವವರೇ ಹೆಚ್ಚು. ಆದರೆ ಕಂಕುಳು ಕೆಳಗಿಳಿದಷ್ಟೂ ತೋಳಿನ ಜೊತೆ ರವಿಕೆ ಮೇಲೆ ಬರುತ್ತದೆ. ಕಂಕುಳಿಗೆ ಸಮೀಪವಾಗಿ, ಒತ್ತದಂತೆ ಕೂತ ರವಿಕೆಯಲ್ಲಿಯೇ ಕೈ ಸಲೀಸಾಗಿ ಆಡುತ್ತದೆ. ಬಿಗಿ ಅನಿಸಿದರೆ ಮೊದಲು ಬೆನ್ನಿನ ಅಗಲವನ್ನೂ ತೋಳಿನ ಅಗಲವನ್ನೂ ನೋಡಿ.

ಕಾಗದದ ಮೇಲೆ ತಿದ್ದುಪಡಿ

ಬ್ರೌನ್ ಪೇಪರ್ ಅಥವಾ ಹಳೆಯ ಕ್ಯಾಲೆಂಡರಿನ ಹಾಳೆ, ಸ್ಕೇಲು, ಪೆನ್ಸಿಲ್, ಕತ್ತರಿ, ಅಂಟುಪಟ್ಟಿ ಇಷ್ಟು ಸಾಕು. ಮೂಲ ಪ್ಯಾಟರ್ನನ್ನು ಹಾಗೆಯೇ ಇಟ್ಟು, ಅದರ ನಕಲಿನ ಮೇಲೆ ಕೆಲಸ ಮಾಡಿ. ಹೊಲಿಗೆಯ ಅಂಚು ಸೇರಿಸದ ನಕಲಾದರೆ ಲೆಕ್ಕ ಸುಲಭ.

ತುಂಬಿದ ಎದೆಗೆ: ಇಂಥವರು ಎದೆಯ ಪೂರ್ಣ ಸುತ್ತಿಗೆ ತಕ್ಕ ಸೈಜು ಆರಿಸಿದರೆ ಭುಜ ಮತ್ತು ಕೊರಳು ದೊಡ್ಡದಾಗಿ ಜಾರುತ್ತವೆ. ಮೇಲ್ಭಾಗದ ಸುತ್ತು ನೋಡಿ ಚಿಕ್ಕ ಸೈಜು ಆರಿಸಿ, ಮುಂಭಾಗವನ್ನು ಮಾತ್ರ ಹಿಗ್ಗಿಸುವುದು ಸರಿಯಾದ ಕ್ರಮ. ಉದಾಹರಣೆಗೆ, ಭುಜಕ್ಕೆ 36ರ ಪ್ಯಾಟರ್ನ್ ಸರಿ, ಆದರೆ ಎದೆಗೆ 38 ಬೇಕು ಎಂದಾದರೆ ಒಟ್ಟು 2 ಇಂಚು ಕಡಿಮೆ. ಅರ್ಧ ಮುಂಭಾಗದ ಕಾಗದದಲ್ಲಿ 1 ಇಂಚು ಸೇರಬೇಕು. ಕೆಳಗಿನ ಟಕ್ಕಿನ ನಡುವಿನಿಂದ ಎದೆಯ ತುದಿಗೆ ಒಂದು ಗೆರೆ ಎಳೆದು, ಅಲ್ಲಿಂದ ಓರೆಯಾಗಿ ಕಂಕುಳಿನ ತಿರುವಿಗೆ ಮುಂದುವರಿಸಿ. ಸೈಡಿನಿಂದ ಎದೆಯ ತುದಿಗೆ ಇನ್ನೊಂದು ಗೆರೆ. ಮೊದಲ ಗೆರೆಯನ್ನು ಕೆಳಗಿನಿಂದ ಕಂಕುಳಿನವರೆಗೂ ಕತ್ತರಿಸಿ, ಅಂಚಿನಲ್ಲಿ ಒಂದು ಎಳೆಯಷ್ಟು ಕಾಗದ ಉಳಿಸಿ. ಎರಡನೆಯದನ್ನು ಸೈಡಿನಿಂದ ಕತ್ತರಿಸಿ, ಎದೆಯ ತುದಿಯಲ್ಲಿ ಒಂದು ಎಳೆ ಉಳಿಸಿ. ಈಗ ಎದೆಯ ತುದಿಯ ಬಳಿ 1 ಇಂಚು ತೆರೆದು, ಅಲ್ಲಿಂದ ಕೆಳಗೆ ಅಷ್ಟೇ ಅಂತರವನ್ನು ಸಮನಾಗಿ ಇಡಿ. ಸೈಡಿನ ಸೀಳು ತಾನಾಗಿಯೇ ತೆರೆದುಕೊಳ್ಳುತ್ತದೆ, ಉದ್ದವೂ ಹೆಚ್ಚುತ್ತದೆ. ಹುಕ್ಕಿನ ಬದಿಯ ತುಂಡು ಗಿಡ್ಡವಾಗಿ ಕಾಣುವುದು. ಅದನ್ನು ಅಡ್ಡ ಕತ್ತರಿಸಿ, ಕೆಳಅಂಚು ಸಮವಾಗುವವರೆಗೆ ಇಳಿಸಿ. ತೆರೆದ ಜಾಗದ ಹಿಂದೆ ಕಾಗದ ಅಂಟಿಸಿ. ಕೆಳಗೆ ಹೆಚ್ಚಾದ ಅಗಲ ಕೆಳಗಿನ ಟಕ್ಕಿಗೆ, ಸೈಡಿನಲ್ಲಿ ತೆರೆದದ್ದು ಸೈಡ್ ಟಕ್ಕಿಗೆ. ಟಕ್ಕಿನ ಮೊನೆ ಎದೆಯ ತುದಿಯವರೆಗೂ ಹೋಗದೆ ಒಂದು ಇಂಚಿನಷ್ಟು ಮುಂಚೆ ನಿಲ್ಲಲಿ.

ಬಾಗಿದ ಬೆನ್ನಿಗೆ: ಹಿಂಭಾಗದ ಕಾಗದದಲ್ಲಿ, ಬೆನ್ನು ಹೆಚ್ಚು ಉಬ್ಬಿದ ಕಡೆ ನಡುವಿನಿಂದ ಕಂಕುಳಿಗೆ ಅಡ್ಡ ಗೆರೆ ಎಳೆದು ಕತ್ತರಿಸಿ, ಕಂಕುಳಿನ ಅಂಚಿನಲ್ಲಿ ಒಂದು ಎಳೆ ಉಳಿಸಿ. ಕಡಿಮೆಯಿದ್ದ ಉದ್ದದಷ್ಟು ನಡುವಿನಲ್ಲಿ ತೆರೆಯಿರಿ. ಆಗ ಮೇಲಿನ ತುಂಡು ಸ್ವಲ್ಪ ವಾಲುತ್ತದೆ. ಹಿಂಭಾಗವನ್ನು ಮಡಿಕೆಯ ಮೇಲೆ ಕತ್ತರಿಸಬೇಕಾದ್ದರಿಂದ ನಡುಗೆರೆಯನ್ನು ಕೆಳಗಿನಿಂದ ಮೇಲಿನವರೆಗೆ ಸ್ಕೇಲಿಟ್ಟು ನೇರ ಮಾಡಿ. ಹೀಗೆ ಮಾಡಿದಾಗ ಕೊರಳು ಒಂದೊಂದು ಬದಿಗೆ ಕಾಲರಿಂದ ಅರ್ಧ ಇಂಚಿನಷ್ಟು ಅಗಲವಾಗುತ್ತದೆ. ಆ ಹೆಚ್ಚುವರಿಯನ್ನು ಕೊರಳಿನಿಂದ ಬೆನ್ನಿನ ಉಬ್ಬಿನ ಕಡೆಗೆ ಎರಡೂವರೆ ಇಂಚು ಉದ್ದದ ಸಣ್ಣ ಟಕ್ಕಾಗಿ ಹಿಡಿಯಿರಿ. ಈ ಸಣ್ಣ ಟಕ್ಕೇ ಇಡೀ ಕೆಲಸದ ಗುಟ್ಟು, ಅದಿಲ್ಲದಿದ್ದರೆ ಹಿಂದಿನ ಕೊರಳು ಎದ್ದು ನಿಲ್ಲುತ್ತದೆ. ಬೆನ್ನು ಬಾಗಿದವರ ಎದೆಯ ಮೇಲ್ಭಾಗ ಗಿಡ್ಡವಾಗಿರುತ್ತದೆ. ಆದ್ದರಿಂದ ಮುಂಭಾಗದಲ್ಲಿ ಎದೆಯ ತುದಿಗಿಂತ ಮೇಲೆ, ಹುಕ್ಕಿನ ಬದಿಯಲ್ಲಿ ಅರ್ಧ ಇಂಚು ಮಡಚಿ ಕಂಕುಳಿನ ಬಳಿ ಏನೂ ಇಲ್ಲದಂತೆ ಮುಗಿಸಿ, ಹುಕ್ಕಿನ ಗೆರೆಯನ್ನು ನೇರ ಮಾಡಿ.

ಜಾರು ಭುಜಕ್ಕೆ: ಮುಂದೆ ಹಿಂದೆ ಎರಡೂ ಕಡೆ ಭುಜದ ಹೊರತುದಿಯನ್ನು ಬೇಕಾದಷ್ಟು, ಹೆಚ್ಚಾಗಿ ಕಾಲರಿಂದ ಅರ್ಧ ಇಂಚು, ಇಳಿಸಿ ಕೊರಳ ಬದಿಗೆ ಗೆರೆ ಸೇರಿಸಿ. ಕಂಕುಳಿನ ತಳವನ್ನೂ ಅಷ್ಟೇ ಇಳಿಸಿ. ಇಲ್ಲವಾದರೆ ಕಂಕುಳು ಚಿಕ್ಕದಾಗಿ ತೋಳು ಕೂರುವುದಿಲ್ಲ. ನೇರ ಭುಜದವರಿಗೆ ಎರಡನ್ನೂ ಏರಿಸಬೇಕು. ಬಹಳ ವರ್ಷ ಒಂದೇ ಭುಜದ ಮೇಲೆ ಹೊರೆ ಹೊತ್ತವರಿಗೆ ಒಂದು ಭುಜ ತಗ್ಗಿರುವುದುಂಟು. ಅವರಿಗೆ ಬಲಕ್ಕೊಂದು ಎಡಕ್ಕೊಂದು ಪ್ರತ್ಯೇಕ ಕಾಗದ ಬೇಕು. ಬಟ್ಟೆ ಮಡಚಿ ಕತ್ತರಿಸಬಾರದು.

ದಪ್ಪ ತೋಳಿಗೆ: ತೋಳಿನ ದಪ್ಪ ಭಾಗದ ಸುತ್ತಿಗೆ ಒಂದು ಇಂಚಾದರೂ ಸಡಿಲ ಸೇರಿಸಿ ಕಾಗದದೊಡನೆ ಹೋಲಿಸಿ. ಸಾಲದಿದ್ದರೆ ತೋಳಿನ ಕಾಗದವನ್ನು ನಡುವೆ ಮೇಲಿನಿಂದ ಕೆಳಕ್ಕೂ, ಕಂಕುಳಿನ ಮಟ್ಟದಲ್ಲಿ ಅಡ್ಡಕ್ಕೂ, ನಾಲ್ಕು ತುದಿಗಳಲ್ಲಿ ಒಂದೊಂದು ಎಳೆ ಉಳಿಸಿ ಕತ್ತರಿಸಿ. ಅಡ್ಡ ಸೀಳಿನ ಎರಡು ಬದಿಗಳನ್ನು ಒಂದರ ಮೇಲೊಂದು ಬರುವಂತೆ ತಳ್ಳಿದರೆ ಉದ್ದ ಸೀಳು ತೆರೆಯುತ್ತದೆ. ಬೇಕಾದ ಅಗಲ ಸಿಕ್ಕಿದ ಮೇಲೆ ಅಂಟಿಸಿ, ತೋಳಿನ ಮೇಲಿನ ಗುಂಡಗಿನ ಭಾಗ ತಗ್ಗಿದಷ್ಟನ್ನು ಪುನಃ ಎತ್ತರಿಸಿ ಬರೆಯಿರಿ. ಕಂಕುಳಿನ ಸುತ್ತಿನ ಜೊತೆ ಒಮ್ಮೆ ಅಳೆದು ನೋಡಿ.

ಶಸ್ತ್ರಚಿಕಿತ್ಸೆಯಾದವರಿಗೆ: ಈ ವಿಷಯವನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸ್ತನ ಕ್ಯಾನ್ಸರಿನಿಂದಾಗಿ ಒಂದು ಬದಿ ತೆಗೆಸಿಕೊಂಡ ಸಹೋದರಿಯರು ನಮ್ಮ ನಡುವೆಯೂ ಇದ್ದಾರೆ. ಅವರಿಗೂ ಮುಂಭಾಗದ ಎರಡು ಬದಿಗಳನ್ನು ಬೇರೆ ಬೇರೆಯಾಗಿ ಅಳೆದು ಬೇರೆ ಕಾಗದ ಮಾಡಬೇಕು. ಲೈನಿಂಗಿನ ಒಳಗೆ ಮೃದುವಾದ ಹತ್ತಿ ಬಟ್ಟೆಯ ಒಂದು ಜೇಬು ಇಟ್ಟರೆ ಪ್ಯಾಡು ಜಾರದೆ ನಿಲ್ಲುತ್ತದೆ. ಗಾಯದ ಗುರುತಿನ ಮೇಲೆ ಹೊಲಿಗೆಯ ಗಂಟು ಬರದಂತೆ ನೋಡಿಕೊಳ್ಳಿ. ಇಂಥ ರವಿಕೆ ಹೊಲಿದುಕೊಟ್ಟರೆ ಆ ಸಹೋದರಿಗೆ ಎಷ್ಟು ಸಮಾಧಾನವಾಗುವುದೆಂದು ಬೇರೆ ಹೇಳಬೇಕಿಲ್ಲ.

ಬಟ್ಟೆ ಕತ್ತರಿಸುವ ಮುಂಚೆ

ಹತ್ತಿ ಬಟ್ಟೆಯನ್ನೂ ಲೈನಿಂಗನ್ನೂ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಕತ್ತರಿಸಿ. ಇಲ್ಲವಾದರೆ ಇಷ್ಟೆಲ್ಲ ಕಷ್ಟಪಟ್ಟು ಸೇರಿಸಿದ ಅರ್ಧ ಇಂಚು ಮೊದಲ ಒಗೆತದಲ್ಲಿಯೇ ಹೋದೀತು. ಮೇಲಿನ ಬಟ್ಟೆ ಕುಗ್ಗದೆ ಲೈನಿಂಗ್ ಮಾತ್ರ ಕುಗ್ಗಿದರೆ ರವಿಕೆ ಮುದುಡಿಕೊಳ್ಳುತ್ತದೆ.

ಬಟ್ಟೆಯ ನೂಲಿನ ದಿಕ್ಕನ್ನೂ ನೋಡಬೇಕು. ಹಾಸುಹೊಕ್ಕು ಎಂದು ನಾವು ಮಾತಿನಲ್ಲಿ ಬಳಸುತ್ತೇವಲ್ಲ, ಅದು ನೇಕಾರರ ಮಾತು. ಹಾಸು ಎಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲು, ಹೊಕ್ಕು ಎಂದರೆ ಅಡ್ಡಕ್ಕೆ ಹೋಗುವ ನೂಲು. ಕಾಗದವನ್ನು ಕತ್ತರಿಸಿ ತೆರೆದ ಮೇಲೆ ಹಾಸಿನ ದಿಕ್ಕು ತೋರಿಸುವ ಬಾಣದ ಗುರುತನ್ನು ನಡುಗೆರೆಗೆ ಸಮಾನಾಂತರವಾಗಿ ಮತ್ತೆ ಬರೆಯಿರಿ. ಮರೆತರೆ ರವಿಕೆ ಒಂದು ಬದಿಗೆ ತಿರುಚುತ್ತದೆ.

ಸೀರೆಯ ಜೊತೆ ಬರುವ 80 ಸೆಂಟಿಮೀಟರಿನ ತುಂಡು ಹಿಗ್ಗಿಸಿದ ಪ್ಯಾಟರ್ನಿಗೆ ಸಾಲದೆ ಹೋಗಬಹುದು. ಬೇರೆ ಬಟ್ಟೆ ಕೊಳ್ಳುವುದಾದರೆ ಒಂದು ಮೀಟರ್ ತೆಗೆದುಕೊಳ್ಳಿ. ಕತ್ತರಿಸುವ ಮುಂಚೆ ಎಲ್ಲ ಭಾಗಗಳನ್ನೂ ಬಟ್ಟೆಯ ಮೇಲೆ ಹರಡಿ ನೋಡುವುದು ಒಳ್ಳೆಯದು.

ಹನ್ನಳ ಚಿಕ್ಕ ನಿಲುವಂಗಿ

ಬೆಳೆಯುವ ಮಕ್ಕಳ ಉಡುಪಿಗೆ ಬೇರೆಯೇ ಲೆಕ್ಕ. ಹರಕೆಯಂತೆ ತನ್ನ ಮಗ ಸಮುವೇಲನನ್ನು ಶಿಲೋವಿನ ದೇವಾಲಯದಲ್ಲಿ ಬಿಟ್ಟುಬಂದ ತಾಯಿ ಹನ್ನ, ವರ್ಷಕ್ಕೊಮ್ಮೆ ಬಲಿಯರ್ಪಿಸಲು ಹೋಗುವಾಗ ಅವನಿಗೊಂದು ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳೆಂದು ಓದುತ್ತೇವೆ. ಮಗು ಕಣ್ಣೆದುರಿಗಿಲ್ಲ. ಈ ವರ್ಷ ಎಷ್ಟು ಬೆಳೆದಿರಬಹುದೆಂದು ಮನಸ್ಸಿನಲ್ಲೇ ಅಳೆದು ಹೊಲಿಯಬೇಕು. ಗಲ್ಫಿನಲ್ಲಿರುವ ಮಗಳ ಮಗುವಿಗೆ ಅಂಗಿ ಹೊಲಿದು ಕಳುಹಿಸುವ ನಮ್ಮ ಅಜ್ಜಿಯಂದಿರಿಗೆ ಈ ತಾಯಿಯ ಮನಸ್ಸು ಚೆನ್ನಾಗಿ ತಿಳಿಯುತ್ತದೆ.

ಶಾಲೆಗೆ ಹೋಗುವ ಮಕ್ಕಳು ಅಡ್ಡಕ್ಕಿಂತ ಉದ್ದಕ್ಕೆ ಬೇಗ ಬೆಳೆಯುತ್ತಾರೆ. ಆದ್ದರಿಂದ ಮಗು ಬೆಳೆಯಿತೆಂದು ಒಂದು ಸೈಜು ದೊಡ್ಡದನ್ನು ಹೊಲಿದರೆ ಭುಜ ಜಾರುತ್ತದೆ. ಅದರ ಬದಲು ಅಗಲವನ್ನು ಹಾಗೆಯೇ ಇಟ್ಟು ಉದ್ದ ಮಾತ್ರ ಹೆಚ್ಚಿಸಿ. ಫ್ರಾಕಿನ ಮೇಲ್ಭಾಗದ ಕಾಗದವನ್ನು ಕಂಕುಳಿಗೂ ಸೊಂಟಕ್ಕೂ ನಡುವೆ ಅಡ್ಡಕ್ಕೆ ಪೂರ್ತಿ ಕತ್ತರಿಸಿ, ಬೇಕಾದಷ್ಟು ಅಂತರವಿಟ್ಟು ಅಂಟಿಸಬೇಕು. ಬರೀ ಕೆಳಅಂಚಿನಲ್ಲಿ ಸೇರಿಸಿದರೆ ಸೊಂಟದ ಗೆರೆ ಎದೆಗೆ ಬಂದು ನಿಲ್ಲುತ್ತದೆ. ಪ್ರಥಮ ಪರಮಪ್ರಸಾದದ ಬಿಳಿ ಫ್ರಾಕಿನ ಕೆಳಗೆ ಎರಡು ಮೂರು ಅಡ್ಡ ಮಡಿಕೆಗಳನ್ನು ಅಲಂಕಾರದಂತೆ ಹೊಲಿದಿಡಿ. ಮುಂದಿನ ವರ್ಷ ಒಂದೊಂದೇ ಬಿಚ್ಚಿದರೆ ಫ್ರಾಕು ಉದ್ದವಾಗುತ್ತದೆ.

ಮತ್ತೆ ಅತ್ತೆಯವರ ವಿಷಯಕ್ಕೆ

ಅಂದು ರಾತ್ರಿಯೇ ಅವರ ಅಳತೆ ತೆಗೆದೆ. ಎದೆ ಸುತ್ತು 36, ಪ್ಯಾಟರ್ನೂ 36. ಟೈಲರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕುತ್ತಿಗೆಯ ಎಲುಬಿನಿಂದ ಕೆಳಅಂಚಿಗೆ ಪ್ಯಾಟರ್ನಿನಲ್ಲಿದ್ದುದಕ್ಕಿಂತ ಅವರಿಗೆ ಮುಕ್ಕಾಲು ಇಂಚು ಹೆಚ್ಚು ಬೇಕಿತ್ತು. ಮುಂದೆ ಅರ್ಧ ಇಂಚು ಕಡಿಮೆ ಸಾಕಿತ್ತು. ಹೆದರಿಕೆಯಿಂದ ಮೊದಲು ಬೆನ್ನಿನಲ್ಲಿ ಅರ್ಧ ಇಂಚು ಮಾತ್ರ ತೆರೆದು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದೆ. ಮೊಣಕಾಲೂರಿದಾಗ ಇನ್ನೂ ಸ್ವಲ್ಪ ಮೇಲೇರುತ್ತಿತ್ತು. ಟೇಪು ಹೇಳಿದ್ದನ್ನು ನಂಬದೆ ನಾನೇ ಜಿಪುಣತನ ಮಾಡಿದ್ದೆ. ಎರಡನೆಯ ಸಲ ಮುಕ್ಕಾಲು ಇಂಚು ತೆರೆದು, ಕೊರಳಿನಲ್ಲಿ ಎರಡು ಸಣ್ಣ ಟಕ್ಕು ಹಿಡಿದೆ.

ಆ ಮಾದರಿ ರವಿಕೆ ತೊಟ್ಟುಕೊಂಡು ಅತ್ತೆಯವರು ದೇವರ ಮಂಚಿಗೆಯ ಮುಂದೆ ಮೊಣಕಾಲೂರಿ ಒಂದು ಕೈಯನ್ನು ಬೆನ್ನ ಹಿಂದೆ ಒಯ್ದು ಮುಟ್ಟಿ ನೋಡಿದರು. ಅಂಚು ಇದ್ದಲ್ಲಿಯೇ ಇತ್ತು. "ಹೌದಾ ಮಗಾ, ಇಷ್ಟೇಯಾ?" ಎಂದರು. ಆಮೇಲೆ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೊಮ್ಮಗಳ ಪ್ರಥಮ ಪರಮಪ್ರಸಾದದ ದಿನ ಅವರು ಮೂರನೆಯ ಸಾಲಿನಲ್ಲಿದ್ದರು. ಎಲ್ಲರ ಜೊತೆ ಎದ್ದರು, ಕುಳಿತರು, ಮೊಣಕಾಲೂರಿದರು. ಆ ಮೇಲೆ ಭಾನುವಾರ ತಪ್ಪಿಸಿಲ್ಲ. ಆ ಕಾಗದದ ಮೇಲೆ ಅವರ ಹೆಸರೂ ತಾರೀಕೂ ಬರೆದು ಕಪಾಟಿನಲ್ಲಿಟ್ಟಿದ್ದೇನೆ. ವರ್ಷಕ್ಕೊಮ್ಮೆ ತೆಗೆದು ಮತ್ತೆ ಅಳೆಯುತ್ತೇವೆ. ಮೈ ಬದಲಾಗುತ್ತದೆ, ಆದ್ದರಿಂದ ಕಾಗದವೂ ಬದಲಾಗಬೇಕು.

ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 9ನೇ ಅಧ್ಯಾಯದಲ್ಲಿ ಜೊಪ್ಪ ಊರಿನ ತಬಿಥಳ ಕಥೆ ಬರುತ್ತದೆ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಸಂತ ಪೇತ್ರರ ಸುತ್ತ ನಿಂತು, ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿ ಮೇಲಂಗಿಗಳನ್ನು ತೋರಿಸಿದರು. ಅವಳ ಪ್ರೀತಿಗೆ ಆ ಉಡುಪುಗಳೇ ಸಾಕ್ಷಿಯಾದವು. ನಮ್ಮ ಧರ್ಮಸಭೆಯಲ್ಲಿ ದರ್ಜಿಗಳಿಗೊಬ್ಬ ಪಾಲಕ ಸಂತರೂ ಇದ್ದಾರೆ. ಇಟಲಿಯ ಕ್ರೆಮೋನಾ ಪಟ್ಟಣದ ಸಂತ ಹೊಮೊಬೊನುಸ್. ಅವರು ಗುರುಗಳಲ್ಲ, ಸನ್ಯಾಸಿಯಲ್ಲ. ಬಟ್ಟೆಯ ವ್ಯಾಪಾರ ಮಾಡುತ್ತಾ ಬಡವರಿಗೆ ಕೈಬಿಚ್ಚಿ ಕೊಟ್ಟ ಸಂಸಾರಿ. 1197ರ ನವೆಂಬರ್ 13ರಂದು ತೀರಿಕೊಂಡರು. ಎರಡೇ ವರ್ಷದೊಳಗೆ, 1199ರಲ್ಲಿ, ಮೂರನೆಯ ಇನ್ನೊಸೆಂಟ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು. ನವೆಂಬರ್ 13 ಅವರ ಹಬ್ಬದ ದಿನ.

ನಮ್ಮ ವಾಳೆಗಳಲ್ಲಿ ಹೊಲಿಗೆ ಬಲ್ಲ ಸಹೋದರಿಯರು ಎಷ್ಟೋ ಮಂದಿ ಇದ್ದಾರೆ. ವಾಳೆಯ ಸಭೆ ಮುಗಿದ ಮೇಲೆ ಅರ್ಧ ಗಂಟೆ ಟೇಪು ಹಿಡಿದು ಕುಳಿತರೆ, ಇಬ್ಬರು ಮೂವರು ಹಿರಿಯರ ಅಳತೆ ತೆಗೆದು ಅವರದೇ ಕಾಗದ ಮಾಡಿಕೊಡಬಹುದು. ಅದಕ್ಕೆ ಖರ್ಚೆಂಬುದು ಇಲ್ಲ. ಇತ್ತೀಚೆಗೆ ನಿಮ್ಮ ಮನೆಯ ಹಿರಿಯರು ಇಗರ್ಜಿಗೆ, ಮದುವೆಗೆ, ಮರಣದ ಮನೆಗೆ ಹೋಗಲು ಹಿಂಜರಿಯುತ್ತಿದ್ದರೆ ಕಾಲು ನೋವಿನ ಮಾತನ್ನು ಕೂಡಲೇ ಒಪ್ಪಬೇಡಿ. ಹತ್ತಿರ ಕುಳಿತು, ಅವರ ರವಿಕೆ ಹೇಗೆ ಕೂರುತ್ತದೆಂದು ಒಮ್ಮೆ ಕೇಳಿ ನೋಡಿ.